ಮರುಳಪ್ಪನವರ ತೋಟದ ಏಳಡಿ ದಾರಿ

2023ರ ಕೊನೆಯಲ್ಲಿ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಲೈಸೆನ್ಸ್ ಪಡೆದ ಭೂಮಾಪಕಿಯಾಗಿದ್ದೆ. ಈಗಲೂ ಅದೇ ಕೆಲಸ, ಅದೇ ತಾಲ್ಲೂಕು, ಹುಳಿಯಾರಿನಲ್ಲಿ ಅದೇ ಬಾಡಿಗೆ ಮನೆ. ಲೈಸೆನ್ಸ್ ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಾನು ಸರ್ಕಾರಿ ನೌಕರಳಲ್ಲ. ಜಮೀನು ಭಾಗವಾಗುವಾಗ, ಮಾರುವಾಗ, ಅಣ್ಣತಮ್ಮಂದಿರು ಮಾತು ಬಿಟ್ಟಾಗ ಹೋಗಿ ಅಳೆದು ನಕ್ಷೆ ಬರೆದುಕೊಡುವುದು ನಮ್ಮ ಕೆಲಸ. ಅರ್ಜಿಯನ್ನು ಇಲಾಖೆ ಹಂಚುತ್ತದೆ, ಬಿಸಿಲನ್ನು ನಾವು ಹಂಚಿಕೊಳ್ಳುತ್ತೇವೆ. ಆದರೆ ಹಳ್ಳಿಯಲ್ಲಿ ಟೇಪು ಹಿಡಿದವರೆಲ್ಲ ಸರ್ಕಾರವೇ. ನಾನು ಎಷ್ಟೇ ಬಿಡಿಸಿ ಹೇಳಿದರೂ "ಸರ್ವೇ ಮೇಡಂ" ಎಂದರೆ ಸರ್ವೇ ಇಲಾಖೆ. ಆ ವರ್ಷ ಈ ತಪ್ಪು ತಿಳಿವಳಿಕೆ ನನ್ನ ಕೊರಳಿಗೇ ಬಂತು.

ಇದು ನಡೆದ ಊರಿನ ಹೆಸರನ್ನು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಬದಲಿಸಲು ಆಗದೆ ಉಳಿದದ್ದು ನನ್ನ ತಪ್ಪು ಒಂದೇ.

ಚಿಂತೆ ನನ್ನ ಎರಡನೆಯ ವೃತ್ತಿ. ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಗಾಡಿಯ ಡಿಕ್ಕಿಯಲ್ಲಿ ಸದಾ ಎರಡು ಟೇಪು ಇಟ್ಟಿರುತ್ತೇನೆ, ಒಂದು ತುಂಡಾದರೆ ಎಂದು. ಎರಡೂ ತುಂಡಾದರೆ ಎಂದು ಒಂದು ಹಗ್ಗ. ಬೀಗ ಹಾಕಿದ ಮೇಲೆ ಮನೆಯ ಬಾಗಿಲನ್ನು ಮೂರು ಸಲ ಎಳೆದು ನೋಡಿ, ಸಂತೆಬೀದಿ ದಾಟಿದ ಮೇಲೆ ಗ್ಯಾಸ್ ಆರಿಸಿದೆನೇ ಎಂದು ಯೋಚಿಸುತ್ತೇನೆ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು, ಕಡಿಮೆ ಮಾತಿನವರು. ಒಮ್ಮೆ ಮಾತ್ರ ಹೇಳಿದ್ದರು: "ಚಿಂತೆ ಮಾಡಕ್ಕೆ ಏನೂ ಇಲ್ಲ ಅಂದ್ರೆ, ಯಾಕಿಲ್ಲ ಅಂತ ಚಿಂತೆ ಮಾಡ್ತೀಯಲ್ಲ ಕಣೇ." ಅದು ಬೈಗುಳವೋ ಪ್ರಮೇಯವೋ ಇನ್ನೂ ಗೊತ್ತಾಗಿಲ್ಲ.

ಕೊರೊನಾ ಕಾಲದಲ್ಲಿ ಅಳತೆ ಕೆಲಸ ನಿಂತು ಮನೆಯಲ್ಲಿ ಕೂತಾಗ ಮುಕ್ತ ನಕ್ಷೆಯ ಪರಿಚಯವಾಯಿತು. ಇದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುವ, ಇಡೀ ಪ್ರಪಂಚದ ಒಂದು ನಕ್ಷೆ. ಹೆಸರು ನೋಂದಾಯಿಸಿಕೊಂಡ ಯಾರು ಬೇಕಾದರೂ ತಮ್ಮ ಊರಿನ ರಸ್ತೆ, ಕೆರೆ, ಶಾಲೆ, ಅರಳಿಕಟ್ಟೆ ಸೇರಿಸಬಹುದು. ಇನ್ನೊಬ್ಬರು ಬರೆದದ್ದನ್ನು ತಿದ್ದಲೂಬಹುದು. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ನಕ್ಷೆಯನ್ನು ವೆಬ್ ಪುಟದಲ್ಲಿ ತೋರಿಸುವ ತಂತ್ರಾಂಶವೂ ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ, ಸರಿಪಡಿಸಿ, ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು.

ಮೊದಲ ಸಲ ತೆರೆದಾಗ ನಾನು ಹುಡುಕಿದ್ದು ಬೋರನಕಣಿವೆಯನ್ನು. ಜಲಾಶಯದ ಅಂಚನ್ನು ಯಾರೋ ತಿರುವು ತಿರುವಿಗೂ ಚುಕ್ಕೆ ಇಟ್ಟು ಬರೆದಿದ್ದರು. ನೀರು ಒಳಕ್ಕೆ ಚಾಚಿದ ಸಣ್ಣ ಸಣ್ಣ ಮೂಲೆಗಳನ್ನೂ ಬಿಟ್ಟಿರಲಿಲ್ಲ. ಬರೆದವರ ವಿವರ ನೋಡಿದರೆ ಸಮುದ್ರದಾಚೆಯ ಯಾವುದೋ ದೇಶದವರು. ಬೋರನಕಣಿವೆಯನ್ನು ಅವರು ಕಂಡಿರಲಾರರು. ಯಾರೂ ಕೇಳಿರಲಿಲ್ಲ, ಯಾರೂ ಸಂಬಳ ಕೊಟ್ಟಿರಲಿಲ್ಲ. ಒಂದು ಗುಂಟೆಯ ಅಂಚಿಗೆ ಒಡಹುಟ್ಟಿದವರು ಕುಡುಗೋಲು ತೆಗೆಯುವುದನ್ನು ನೋಡಿಯೇ ಹೊಟ್ಟೆ ಹೊರೆಯುವ ನನಗೆ ಇದು ಅರಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ನಾನೂ ಹೆಸರು ನೋಂದಾಯಿಸಿದೆ.

ನಮ್ಮ ಕಡೆ ಈ ಕೆಲಸಕ್ಕೆ ಒಂದು ತೊಡಕಿದೆ. ಬೇರೆ ಕಡೆಗಳಲ್ಲಿ ಉಪಗ್ರಹದ ಚಿತ್ರ ನೋಡಿಕೊಂಡು, ಕಂಡ ದಾರಿಯ ಮೇಲೆ ಗೆರೆ ಎಳೆಯುತ್ತಾರೆ. ತಿಪಟೂರು, ತುರುವೇಕೆರೆ, ನಮ್ಮ ತಾಲ್ಲೂಕು, ಎಲ್ಲಿ ನೋಡಿದರೂ ಉಪಗ್ರಹಕ್ಕೆ ಕಾಣುವುದು ತೆಂಗಿನ ಗರಿ. ಅದರ ಕೆಳಗೆ ಬಂಡಿಜಾಡು ಇದೆಯೋ, ಬಾವಿ ಇದೆಯೋ, ಊರೇ ಇದೆಯೋ, ಮೇಲಿನಿಂದ ತಿಳಿಯುವುದಿಲ್ಲ. ನೆಲದ ಮೇಲೆ ಓಡಾಡುವವರೇ ಹೇಳಬೇಕು. ಹಾಗಾಗಿ ಓಡಾಡುವವರನ್ನೇ ಹಿಡಿದೆ. ತುರುವೇಕೆರೆ ಕಡೆಯಿಂದ ಒಬ್ಬ ಹಾಲಿನ ವ್ಯಾನಿನ ಡ್ರೈವರ್, ದಂಡಿನಶಿವರದಿಂದ ಒಬ್ಬ ನಿವೃತ್ತ ಅಂಚೆಯಣ್ಣ, ನಮ್ಮ ಕಡೆಯ ನಾಲ್ಕು ಜನ ಆಶಾ ಕಾರ್ಯಕರ್ತೆಯರು, ಕಾಯಿ ಕೀಳಲು ತೋಟದಿಂದ ತೋಟಕ್ಕೆ ಹೋಗುವ ಇಬ್ಬರು. ಎಲ್ಲರೂ ಫೋನಿನ ಜಿಪಿಎಸ್ ಚಾಲೂ ಮಾಡಿಕೊಂಡು ತಮ್ಮ ದಿನದ ಕೆಲಸಕ್ಕೆ ಹೋಗುವುದು, ಸಂಜೆ ಆ ಜಾಡನ್ನು ನನಗೆ ಕಳಿಸುವುದು. ಕಡುಹಸಿರಿನ ಮೇಲೆ ಒಂದೊಂದೇ ಎಳೆ ಮೂಡುತ್ತಿತ್ತು. ಒಬ್ಬರ ಎಳೆ ಇನ್ನೊಬ್ಬರ ಎಳೆಗೆ ಸೇರಿ ದಾರಿಯಾಗುವುದನ್ನು ನೋಡುವುದೇ ಒಂದು ಸುಖ. ಅಷ್ಟು ಹೊತ್ತು ಗ್ಯಾಸಿನ ನೆನಪೂ ಬರುತ್ತಿರಲಿಲ್ಲ.

ಅದೇ ನಕ್ಷೆಯ ಮೇಲೆ ಆಶಾ ಕಾರ್ಯಕರ್ತೆಯರಿಗಾಗಿ ಒಂದು ಚಿಕ್ಕ ವೆಬ್ ಪುಟ ಮಾಡಿಕೊಟ್ಟೆ: ಹಟ್ಟಿಗಳು, ತೋಟದ ಮನೆಗಳು, ಅವಕ್ಕೆ ಹೋಗುವ ದಾರಿ. ಎಲ್ಲರಿಗೂ ನಾನು ಹಾಕಿದ್ದ ನಿಯಮ ಒಂದೇ. ಹೋಗಿ ಕಣ್ಣಾರೆ ನೋಡದೆ, ಅಲ್ಲಿನವರನ್ನು ಕೇಳದೆ ಒಂದು ಗೆರೆಯನ್ನೂ ಎಳೆಯಕೂಡದು. ಆ ನಿಯಮ ಮುರಿದವರು ಒಬ್ಬರೇ. ಯಾರೆಂದು ಓದುಗರು ಊಹಿಸಿರುತ್ತೀರಿ.

ಬಾಷಾ ಎಂಬ ಆಟೋದವರು ನಮ್ಮ ಬೀದಿಯವರೇ. ಪ್ರತಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಒಂದು ಹಟ್ಟಿಯಿಂದ ಚಿತ್ತಯ್ಯ ಎಂಬುವರನ್ನು ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಡಯಾಲಿಸಿಸ್ ಎಂದರೆ ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಶುದ್ಧ ಮಾಡಿಸುವುದು. ಒಂದು ಸರದಿ ತಪ್ಪಿದರೆ ಮೈ ಬಾತುಕೊಂಡು ಉಸಿರು ಕಟ್ಟುತ್ತದೆ. ಚಿತ್ತಯ್ಯನವರಿಗೆ ಐವತ್ತೈದರ ಮೇಲೆ. ಕುರಿ ಕಾಯ್ದುಕೊಂಡೇ ಬೆಳೆದವರು. ಹಟ್ಟಿಯಲ್ಲಿ ಹದಿನಾಲ್ಕು ಮನೆ. ಅವರ ಮನೆಯ ಅಂಗಳದವರೆಗೂ ಆಟೋ ಹೋಗುವುದು ಒಂದೇ ದಾರಿಯಲ್ಲಿ. ಅದು ಮರುಳಪ್ಪನವರ ತೋಟದ ನಡುವೆ ಹಾಯ್ದು ಹೋಗುವ ಜಾಡು.

ಬಾಷಾ ಅವರ ಫೋನಿನಿಂದ ಆ ಜಾಡು ಬಂದ ದಿನ ನಾನು ಬಹಳ ಉತ್ಸಾಹದಲ್ಲಿದ್ದೆ. ಅದರ ಜೊತೆಗೆ ಚಿಂತೆಯಲ್ಲೂ ಇದ್ದೆ: ಆ ಮನುಷ್ಯನಿಗೆ ಹೊತ್ತಲ್ಲದ ಹೊತ್ತಲ್ಲಿ ಏನಾದರೂ ಆದರೆ ಆಂಬ್ಯುಲೆನ್ಸಿಗೆ ದಾರಿ ಹೇಗೆ ಗೊತ್ತಾಗಬೇಕು? ತಡಮಾಡದೆ ಗೆರೆ ಎಳೆದೆ. ಯಾವ ಬಗೆಯ ದಾರಿ ಎಂದು ನಕ್ಷೆ ಕೇಳುತ್ತದೆ. "ಸಾರ್ವಜನಿಕ ಹಳ್ಳಿ ರಸ್ತೆ" ಎಂದು ಕೊಟ್ಟು, ಹಟ್ಟಿಗೇ ನಿಲ್ಲುವ ಜಾಡನ್ನು ಆಚೆಯ ಇನ್ನೊಂದು ಟಾರು ರಸ್ತೆಗೂ ಜೋಡಿಸಿಬಿಟ್ಟೆ.

ಇದು ಎಂಥ ತಪ್ಪು ಎಂದು ತಿಳಿಯಲು ನಮ್ಮ ವೃತ್ತಿಯ ಒಂದು ಮಾತನ್ನು ಹೇಳಬೇಕು. ಹಳೆಯ ಗ್ರಾಮನಕಾಶೆಯಲ್ಲಿ ಚುಕ್ಕೆಗೆರೆಯಾಗಿ ಇರುವುದು "ನಕಾಶೆ ಕಂಡ ದಾರಿ". ಅದನ್ನು ಯಾರೂ ಮುಚ್ಚುವಂತಿಲ್ಲ. ನಕಾಶೆಯಲ್ಲಿ ಇಲ್ಲದೆ, ಜಮೀನಿನವರು ಬಿಟ್ಟುಕೊಟ್ಟಿದ್ದರಿಂದ ಜನ ಓಡಾಡುವುದು ರೂಢಿಯ ದಾರಿ; ಈ ಜಾಡು ಅಂಥದ್ದು. ಈ ಎರಡರ ನಡುವಿನ ವ್ಯತ್ಯಾಸಕ್ಕಾಗಿ ನಮ್ಮಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿದವರಿದ್ದಾರೆ. ಅಳೆಯಲು ಹೋದಾಗ ನಾನು ಮೊದಲು ನೋಡುವುದೇ ಅದನ್ನು. ಮುಕ್ತ ನಕ್ಷೆಗೆ ಕಾನೂನಿನ ಬೆಲೆಯಿಲ್ಲ, ಇದು ಬರಿಯ ಸಂಜೆಯ ಹವ್ಯಾಸ ಎಂದುಕೊಂಡು, ಹದಿನೇಳು ವರ್ಷದ ಪಾಠವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಕೂತಿದ್ದೆ.

ಮುಕ್ತ ನಕ್ಷೆಯ ಮಾಹಿತಿಯನ್ನು ದಾರಿ ತೋರಿಸುವ ಎಷ್ಟೋ ಆ್ಯಪ್‌ಗಳು ಬಳಸುತ್ತವೆ. ಎರಡು ತಿಂಗಳಾದ ಮೇಲೆ, ಡಿಸೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ, ತೆಂಗಿನ ಮಟ್ಟೆ ತುಂಬಿದ್ದ ಒಂದು ಲಾರಿಗೆ ಅಂಥ ಆ್ಯಪ್ ಒಳದಾರಿಯನ್ನು ತೋರಿಸಿತು. ಹೊರಗಿನ ಡ್ರೈವರ್, ಫೋನನ್ನು ನಂಬಿ ತೋಟಕ್ಕೆ ಇಳಿಸಿದ್ದಾನೆ. ಹನಿ ನೀರಾವರಿಯ ಪೈಪು ಮೂರು ಕಡೆ ಒಡೆಯಿತು. ಮೂರು ವರ್ಷದ ಎರಡು ಸಸಿಗಳು ಮಲಗಿದವು. ಶನಿವಾರ ಮರುಳಪ್ಪನವರು ಜಾಡಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದರು.

ನನಗೆ ತಿಳಿದದ್ದು ಭಾನುವಾರ ಬೆಳಿಗ್ಗೆ, ಬಾಷಾ ಫೋನ್ ಮಾಡಿದಾಗ.

"ಮೇಡಂ, ಒಸಿ ಎಡವಟ್ಟಾಗೈತೆ. ಯಜಮಾನ್ರು ತಂತಿ ಹಾಕವ್ರೆ. ನಾಡಿದ್ದು ಮಂಗಳವಾರ. ಹಳ್ಳದ ಕಡೆಯಿಂದ ಸುತ್ತಿಕೊಂಡು ಹೋದ್ರೆ ಅರ್ಧ ಮೈಲಿ ಈಚೆಗೇ ಗಾಡಿ ನಿಲ್ಲಿಸ್ಬೇಕು. ವಾಪಸ್ ಬರೋವಾಗ ಚಿತ್ತಣ್ಣನ ಕೈಲಿ ಹತ್ತು ಹೆಜ್ಜೆ ಹಾಕಕ್ಕಾಗಲ್ಲ, ಹಳ್ಳ ಹತ್ತಿಸೋದು ಹೆಂಗೆ?"

"ಅವ್ರು ಏನಂತಾರೆ ಬಾಷಾ?"

"ನಿಮ್ಮ ಹೆಸರೇ ಹೇಳ್ತಾವ್ರೆ ಮೇಡಂ."

ಸುದ್ದಿ ಸ್ಪಷ್ಟವಾಗಿತ್ತು. ಲಾರಿಯವನ ಫೋನಿನಲ್ಲಿ ತಮ್ಮ ತೋಟದ ನಡುವೆ ಬಿಳಿ ರಸ್ತೆ ಇರುವುದನ್ನು ಮರುಳಪ್ಪನವರು ನೋಡಿದ್ದರು. ಬರೆದವರು ಯಾರೆಂದು ಊರಿನ ಯಾರೋ ಹುಡುಕಿ ತೋರಿಸಿದ್ದರು. ಅಲ್ಲಿ ನನ್ನ ಹೆಸರು, ತಾರೀಕು, ಗಂಟೆ, ನಿಮಿಷ. ಸರ್ವೇ ಮೇಡಂ ರಸ್ತೆ ಹಾಕಿದ್ದಾರೆ ಎಂದರೆ ಸರ್ಕಾರ ಹಾಕಿದ ಹಾಗೆ. ನಾಳೆ ಟಾರು, ನಾಡಿದ್ದು ಅಗಲೀಕರಣ. ಫೋನ್ ಇಟ್ಟ ಐದು ನಿಮಿಷದಲ್ಲಿ ನಾನು ಮನಸ್ಸಿನಲ್ಲೇ ಕಾರಣ ಕೇಳುವ ನೋಟಿಸು ಪಡೆದು, ಉತ್ತರ ಬರೆದು, ಅದು ತೃಪ್ತಿಕರವಾಗಿಲ್ಲವೆಂದು ಲೈಸೆನ್ಸ್ ಕಳೆದುಕೊಂಡಿದ್ದೆ. ಆರನೆಯ ನಿಮಿಷದಲ್ಲಿ ಲ್ಯಾಪ್‌ಟಾಪ್ ತೆರೆದು ಇಡೀ ದಾರಿಯನ್ನು ಅಳಿಸಿಬಿಟ್ಟೆ. ತಪ್ಪು ಮಾಡಿದ್ದು ಹೇಗೋ, ತಿದ್ದಿಕೊಂಡದ್ದೂ ಹಾಗೆಯೇ: ಯಾರನ್ನೂ ಕೇಳದೆ.

ಮಧ್ಯಾಹ್ನ ಹಟ್ಟಿಗೆ ಹೋದೆ. ತಂತಿಯ ಈಚೆ ಗಾಡಿ ನಿಲ್ಲಿಸಿ, ಬಗ್ಗಿ ನುಸುಳಿ, ನಡೆದುಕೊಂಡು. ಚಿತ್ತಯ್ಯನವರು ಅಂಗಳದಲ್ಲಿ ಕಂಬಳಿಯ ಮೇಲೆ ಒರಗಿದ್ದರು. ಅವರ ಹೆಂಡತಿ ಕರಿಯಮ್ಮ ಮಾತಾಡಿದರು. ನಕ್ಷೆಯಿಂದ ಅಳಿಸಿದ್ದೇನೆ, ಇನ್ನು ತೊಂದರೆ ಇಲ್ಲ ಎಂದು ನಾನು ದೊಡ್ಡ ಸಮಾಧಾನ ಹೇಳಿದೆ.

"ಅಲ್ಲಿ ಅಳಿಸಿದ್ರೆ ಇಲ್ಲಿ ತಂತಿ ಅಳಿಸೋಗ್ತದಾ ಅಮ್ಮಾರೆ?" ಎಂದರು ಕರಿಯಮ್ಮ. ಕೋಪವೇನೂ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಇಲ್ಲ."

"ಮತ್ತೆ ಯಾಕೆ ಅಳಿಸಿದ್ರಿ? ಹೋದ ತಿಂಗ್ಳು ಇವರಿಗೆ ಉಸಿರು ಹಿಡ್ಕಂಡಾಗ ಆಶಾ ಅಕ್ಕ ಅದೇನೋ ಒತ್ತಿ ಕಳಿಸುದ್ಲು. ಆಂಬ್ಲೆನ್ಸ್ ಯಾರನ್ನೂ ಕೇಳ್ದೆ ಸೀದಾ ಈ ಅಂಗಳಕ್ಕೆ ಬಂತು. ಇನ್ನು ಅದೂ ಬರಕಿಲ್ಲ ಅನ್ನಿ."

ನಾನು ಮಾಡಿಕೊಟ್ಟ ಪುಟ ಒಂದು ಜೀವಕ್ಕೆ ಆಗಿಬಂದಿತ್ತು ಎಂಬ ಸಂಗತಿ ನನಗೆ ತಿಳಿದದ್ದು ಆಗ, ಅದನ್ನು ಕೆಡಿಸಿ ಬಂದ ಮೇಲೆ. ಗೆರೆ ಇದ್ದರೆ ಲಾರಿ ಬರುತ್ತದೆ, ಮರುಳಪ್ಪನವರು ತಂತಿ ತೆಗೆಯುವುದಿಲ್ಲ. ಗೆರೆ ಇಲ್ಲದಿದ್ದರೆ ಆಂಬ್ಯುಲೆನ್ಸ್ ಬರುವುದಿಲ್ಲ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಆಟೋ ಹೊರಡಬೇಕು. ಚಿತ್ತಯ್ಯನವರು ಒರಗಿದ್ದಲ್ಲಿಂದಲೇ, "ಮೇಡಂಗೆ ಕೂರಕ್ಕೆ ಏನಾದ್ರೂ ಹಾಕೇ, ನಿಂತೇ ಅವ್ರೆ" ಎಂದರು. ಅವರ ಪಾದಗಳು ಆಗಲೇ ಸ್ವಲ್ಪ ಬಾತಿದ್ದವು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಒಂದು ಸಂದೇಶ ಕಾದಿತ್ತು. ಮುಕ್ತ ನಕ್ಷೆಯಲ್ಲಿ ನಾವು ಮಾಡಿದ ಬದಲಾವಣೆಯ ಕೆಳಗೆ ಯಾರು ಬೇಕಾದರೂ ಟಿಪ್ಪಣಿ ಬರೆಯಬಹುದು. ಬರೆದಿದ್ದವರು ನನಗೆ ಗೊತ್ತಿಲ್ಲದವರು. ದೂರದ ಯಾವುದೋ ದ್ವೀಪದಲ್ಲಿ ದನ ಸಾಕಿಕೊಂಡಿರುವವರು ಎಂದು ಅವರ ಪರಿಚಯದಲ್ಲಿತ್ತು. ಪ್ರಪಂಚದಲ್ಲಿ ಎಲ್ಲಾದರೂ ದಾರಿ ಅಳಿಸಿಹೋದರೆ ಒಮ್ಮೆ ವಿಚಾರಿಸುವುದು ಅವರ ಭಾನುವಾರದ ಹವ್ಯಾಸವಂತೆ. "ನೀವೇ ಬರೆದ ದಾರಿಯನ್ನು ನೀವೇ ಅಳಿಸಿದ್ದೀರಿ. ನೆಲದ ಮೇಲೂ ಅದು ಹೋಯಿತೇ?" ಎಂದಿತ್ತು.

ಕರಿಯಮ್ಮನ ಪ್ರಶ್ನೆಯೇ ಇನ್ನೊಂದು ಭಾಷೆಯಲ್ಲಿ ಬಂದಿತ್ತು. ನಾನು ನನ್ನ ಹರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ. ಲಾರಿ, ಪೈಪು, ತಂತಿ, ಚಿತ್ತಯ್ಯನವರ ಪಾದ. ಲೈಸೆನ್ಸಿನ ಚಿಂತೆಯನ್ನೂ ಬರೆದೆ. ಸಂಬಂಧವಿಲ್ಲದಿದ್ದರೂ ಬರೆಯದೆ ಇರಲಾಗಲಿಲ್ಲ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು. ನಕ್ಷೆಯಲ್ಲಿ ಗೆರೆಗೆ ಕಟ್ಟುವ ಚೀಟಿಗೆ ಟ್ಯಾಗ್ ಎನ್ನುತ್ತಾರೆ. "ಮಾಲೀಕರ ಒಪ್ಪಿಗೆಯಿಂದ ಓಡಾಟ" ಎಂಬ ಟ್ಯಾಗ್ ಒಂದಿದೆ, ನಿಮ್ಮ ಗೆರೆಗೆ ಬೇಕಾದದ್ದು ಅದು, ಎಂದು ಅವರು ತೋರಿಸಿಕೊಟ್ಟಿದ್ದರು. ಎಷ್ಟೋ ದೇಶದ ಜನ ವರ್ಷಗಟ್ಟಲೆ ಜಗಳವಾಡಿ ಒಪ್ಪಿಕೊಂಡ ಚೀಟಿ ಅದು. ನಾನು ಮೂರು ವರ್ಷದಲ್ಲಿ ಒಮ್ಮೆಯೂ ಆ ಪಟ್ಟಿಯನ್ನು ಪೂರ್ತಿ ಓದಿರಲಿಲ್ಲ. ಕೊನೆಗೆ ಇನ್ನೆರಡು ಸಾಲು ಇದ್ದವು: "ನಮ್ಮ ಕಡೆ ಹೀಗೆ ದಾರಿ ಬಿಟ್ಟವರು ವರ್ಷಕ್ಕೊಂದು ದಿನ ಗೇಟು ಮುಚ್ಚುತ್ತಾರೆ, ಅದು ತಮ್ಮದೆಂದು ನೆನಪಿಸಲು. ನಿಮ್ಮವರು ಏನು ಮಾಡುತ್ತಾರೆ? ಕೇಳಿದ್ದೀರಾ?"

ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮರುಳಪ್ಪನವರ ತೋಟದ ಮನೆಯಲ್ಲಿದ್ದೆ. ಅವರು ಎಪ್ಪತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ದನಿ ಏರಿಸದವರು. ಅಟ್ಟದಲ್ಲಿ ವರ್ಷದ ಮೇಲೆ ಒಣಗಿದ ಕಾಯಿಗಳನ್ನು ಇಳಿಸಿ ರಾಶಿ ಹಾಕಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗುಂಡುಕೊಬ್ಬರಿ ಚಿಪ್ಪು ಬಿಟ್ಟು ಗಲಗಲ ಎಂದರೆ ಒಡೆಯುವ ಹೆಂಗಸರ ಕಡೆಗೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ನಾನು ಕ್ಷಮೆ ಕೇಳುವಷ್ಟು ಹೊತ್ತೂ ಅವರ ಕಿವಿ ಕಾಯಿಯ ಮೇಲೇ ಇತ್ತು.

"ತೋಟ ನಂದು ಅಂತ ನಿಮ್ಮ ಆಫೀಸ್ನೋರೇ ಅಳ್ದು ಕಲ್ಲು ಹಾಕ್ಕೊಟ್ಟವ್ರೆ," ಎಂದರು ಕೊನೆಗೆ. "ಈಗ ನೀನು ರಸ್ತೆ ಅಂತ ಬರ್ದಿದ್ದೀಯ. ಯಾವುದ್ನ ನಂಬಾನ ತಾಯಿ?"

"ಕಲ್ಲನ್ನೇ ನಂಬಿ ಯಜಮಾನ್ರೆ. ನಂದು ತಪ್ಪು. ಕೇಳ್ದೆ ಬರೆದೆ."

"ಕೇಳಿದ್ರೆ ಹೇಳ್ತಿದ್ದೆ."

ಅವರು ಇನ್ನೊಂದು ಕಾಯಿ ಎತ್ತಿ ಅಲ್ಲಾಡಿಸತೊಡಗಿದರು. ಬೇರೇನೂ ತೋಚದೆ, ಆ ದ್ವೀಪದವರು ಕೇಳಿದ ಪ್ರಶ್ನೆಯನ್ನೇ ಕೇಳಿದೆ. "ಯಜಮಾನ್ರೆ, ಆ ದಾರಿ ನಿಮ್ಮದೇ ಅನ್ನೋದಕ್ಕೆ ವರ್ಷದಲ್ಲಿ ಯಾವತ್ತಾದ್ರೂ ಮುಚ್ತೀರಾ?"

ಅವರ ಕೈಯಲ್ಲಿದ್ದ ಕಾಯಿ ಅಲ್ಲಾಡುವುದು ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಬೇರೆ ದೇಶದಲ್ಲಿ ಒಬ್ರು, ಅವರ ಕಡೆ ಹಂಗೆ ಮಾಡ್ತಾರಂತೆ."

ಆಗ ಅವರು ಹೇಳಿದರು. ಯುಗಾದಿಯ ಬೆಳಿಗ್ಗೆ ಅವರ ಅಪ್ಪ ಜಾಡಿಗೆ ಅಡ್ಡಲಾಗಿ ಒಂದು ತೆಂಗಿನ ಗರಿ ಹಾಕುತ್ತಿದ್ದರಂತೆ. ಹಟ್ಟಿಯಿಂದ ಹಿರಿಯರು ಬಂದು ಗರಿಯ ಆಚೆ ನಿಂತು "ಯಜಮಾನ್ರೆ, ದಾರಿ" ಎನ್ನುವುದು. ಇವರು ಗರಿ ಎತ್ತಿ, ಬೇವು ಬೆಲ್ಲ ಕೊಡುವುದು. ಬೇಸಿಗೆಗೆ ಮುಂಚೆ ಹಟ್ಟಿಯವರು ಕುರಿಮಂದೆಯನ್ನು ನಾಲ್ಕು ರಾತ್ರಿ ಈ ತೋಟದಲ್ಲಿ ನಿಲ್ಲಿಸುತ್ತಾರೆ, ಗೊಬ್ಬರವಾಗಲಿ ಎಂದು. ಇಷ್ಟಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಅಪ್ಪ ಹೋದ ಮೇಲೆ ಇವರು ಹಾಕುತ್ತಿದ್ದಾರೆ. ಆಚೆ ಬಂದು ನಿಲ್ಲುವವರು ಈಗ ಚಿತ್ತಯ್ಯ.

"ಅಲ್ಲಾ, ಆ ದೇಶದಾಗೂ ತೆಂಗೈತಾ?" ಎಂದರು.

"ಇಲ್ಲ ಯಜಮಾನ್ರೆ. ಅವರು ಗೇಟು ಹಾಕ್ತಾರೆ."

"ಏನೋ ಒಂದು. ಬುದ್ಧಿ ಐತೆ ಬುಡು."

ಲ್ಯಾಪ್‌ಟಾಪನ್ನು ಕೊಬ್ಬರಿ ಚೀಲದ ಮೇಲೆ ಇಟ್ಟು ಆ ಟ್ಯಾಗನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು, ಅದೇ ಸರಿಯಾದ ಪ್ರಶ್ನೆ: "ಇವತ್ತು ನೀನು ಬರೀತೀಯ. ನಾಳೆ ಇನ್ಯಾವನೋ ಬಂದು ತಿದ್ದಿದ್ರೆ?"

"ತಿದ್ದಬೋದು. ಆದ್ರೆ ಯಾರು ತಿದ್ದಿದ್ರು ಅಂತ ಎಲ್ರಿಗೂ ಕಾಣ್ತದೆ. ನನ್ನ ಹೆಸರು ನಿಮಗೆ ಸಿಕ್ತಲ್ಲ, ಹಂಗೆ. ನೀವೂ ತಿರುಗಿ ತಿದ್ದಬೋದು."

"ನಾನಾ?"

"ನೀವೇ."

"ಹಂಗಾದ್ರೆ ನಿಂದ್ಯಾಕೆ? ನನ್ನ ಮಾತು ನಾನೇ ಬರೀತೀನಿ, ಇತ್ತ ಕೊಡು."

ಹೀಗೆ ಮರುಳಪ್ಪನವರು ಮುಕ್ತ ನಕ್ಷೆಗೆ ಹೆಸರು ನೋಂದಾಯಿಸಿದರು. ಪಾಸ್‌ವರ್ಡ್ ಎಂದರೆ ಯಾರಿಗೂ ಹೇಳದ ಗುಟ್ಟು ಎಂದು ವಿವರಿಸಿದೆ. ಅವರು ಒಪ್ಪಿ, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತಾ ಒತ್ತಿದರು. ಕಾಯಿ ಒಡೆಯುವ ಆರು ಹೆಂಗಸರಿಗೂ ಬಾಯಿಪಾಠವಾಯಿತು. "ಯಜಮಾನ್ರೆ, ಮರತ್ರೆ ನಮ್ಮನ್ನ ಕೇಳಿ" ಎಂದಳು ಒಬ್ಬಳು. ನಾನು ಅಳಿಸಿದ್ದ ಗೆರೆಯನ್ನು ಮರಳಿ ತಂದೆ, ಆಚೆಯ ಟಾರು ರಸ್ತೆಯ ಜೋಡಣೆ ಬಿಡಿಸಿದೆ. ರಸ್ತೆಯನ್ನು ತೋಟದ ಜಾಡು ಎಂದು ಬದಲಿಸಿದವರು ಅವರು. ಒಪ್ಪಿಗೆಯ ಟ್ಯಾಗ್ ಕಟ್ಟಿದವರೂ ಅವರೇ. ವಿವರದ ಜಾಗದಲ್ಲಿ ಒಂದೇ ಬೆರಳಲ್ಲಿ, ಇಪ್ಪತ್ತು ನಿಮಿಷ ತೆಗೆದುಕೊಂಡು, ಕನ್ನಡದಲ್ಲಿ ಬರೆದರು: "ಇದು ನಮ್ಮ ತೋಟ. ಹಟ್ಟಿಯವರೂ ಅವರ ಮನೆಗೆ ಹೋಗುವವರೂ ಓಡಾಡಬಹುದು. ಲಾರಿ ಬರಕೂಡದು."

ನಾನು ನಿಟ್ಟುಸಿರು ಬಿಟ್ಟೆ. ಬೇಗ ಬಿಟ್ಟೆನೆಂದು ಕೂಡಲೇ ತಿಳಿಯಿತು.

"ನಕ್ಷೆ ಸರಿಹೋಯ್ತು," ಎಂದರು. "ತಂತಿ ವಿಚಾರ ಬೇರೆ. ಲಾರಿಯೋನು ಇದನ್ನೆಲ್ಲಾ ಓದ್ಕಂಡು ಬತ್ತಾನಾ? ಆಟೋ ಹಿಡಿಸಾವಷ್ಟು ಬುಡ್ತೀನಿ, ಐದಡಿ. ಆಮೇಕೆ ಯಾವ ಮಗನೂ ಲಾರಿ ಇಳಿಸಂಗಿಲ್ಲ."

ಐದಡಿ ಎಂದಾಗ ನನ್ನ ಎರಡನೆಯ ವೃತ್ತಿ ಎಚ್ಚರವಾಯಿತು. ಆಟೋ ಹೋಗುತ್ತದೆ, ಸರಿ. ಆಂಬ್ಯುಲೆನ್ಸ್? ಕೇಳಿದೆ. ಅವರು ಕನ್ನಡಕ ತೆಗೆದರು.

"ಅದು ಎಷ್ಟು ಅಗಲ?"

ನನಗೆ ಗೊತ್ತಿರಲಿಲ್ಲ. ಅಳತೆಯವಳೇ ಗೊತ್ತಿಲ್ಲ ಎಂದದ್ದು ಅವರಿಗೆ ಬಹಳ ಹಿಡಿಸಿತು. "ಹೋಗಿ ಅಳತೆ ಮಾಡ್ಕಂಡು ಬಾ. ಲಾರಿ ಹಿಡಿಸಬಾರ್ದು, ಆಂಬ್ಲೆನ್ಸ್ ತಗಲಬಾರ್ದು. ಅಂಥದ್ದೊಂದು ಲೆಕ್ಕ ಇದ್ರೆ ತಂದ್ಕೊಡು, ಕಂಬ ಕೀಳಿಸ್ತೀನಿ. ಇಲ್ದಿದ್ರೆ ಐದೇ."

ಮೂವತ್ತು ಗುಂಟೆಯನ್ನು ನಾಲ್ಕು ಜನಕ್ಕೆ ಸಮ ಮಾಡಿಕೊಟ್ಟಿದ್ದೇನೆ. ಆದರೆ ಆ ಸೋಮವಾರದಷ್ಟು ಚಿಂತೆಯ ಅಳತೆಯನ್ನು ಮಾಡಿಲ್ಲ. ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದ ಆಂಬ್ಯುಲೆನ್ಸಿಗೆ ಅಡ್ಡಲಾಗಿ ಟೇಪು ಹಿಡಿದೆ. ಡ್ರೈವರ್ ಇನ್ನೊಂದು ತುದಿ ಹಿಡಿದುಕೊಂಡರು. ಕಾವಲಿನವರು ಹತ್ತಿರ ಬಂದು ನನ್ನನ್ನೂ ಟೇಪನ್ನೂ ಗುರುತಿಸಿ, "ಯಾಕ್ ಮೇಡಂ, ಇದುನ್ನೂ ಭಾಗ ಮಾಡ್ತಾವ್ರಾ?" ಎಂದರು. ಕನ್ನಡಿ ಮಡಚಿದರೆ ಆರಡಿ ನಾಲ್ಕಂಗುಲ. ಎರಡು ಸಲ ಅಳೆದೆ. ಗಾಡಿಯ ಹತ್ತಿರ ಬಂದ ಮೇಲೆ ಅನುಮಾನ ಬಂದು ಇನ್ನೊಂದು ಸಲ ಅಳೆದೆ. ಆಮೇಲೆ ಲಾರಿ ನಿಲ್ಲುವ ಕಡೆ ಹೋಗಿ, ಬೈಸಿಕೊಂಡು, ಮಟ್ಟೆ ತುಂಬುವ ಎರಡು ಲಾರಿಗಳನ್ನು ಅಳೆದೆ. ಎರಡೂ ಎಂಟಡಿ. ನಡುವೆ ನನಗೆ ಸಿಕ್ಕ ಜಾಗ ಇಪ್ಪತ್ತು ಅಂಗುಲ. ಏಳಡಿ ಎಂದು ನಿರ್ಧರಿಸಿದೆ: ಆಂಬ್ಯುಲೆನ್ಸಿಗೆ ಎಡಕ್ಕೆ ನಾಲ್ಕಂಗುಲ, ಬಲಕ್ಕೆ ನಾಲ್ಕಂಗುಲ ಸಡಿಲ, ಲಾರಿಗೆ ಒಂದಡಿ ಕೊರತೆ.

ನಾಲ್ಕು ಗಂಟೆಗೆ ತೋಟಕ್ಕೆ ಬಂದಾಗ ಮರುಳಪ್ಪನವರು ಗಾರೆಯವನನ್ನು ಆಗಲೇ ಕರೆಸಿದ್ದರು. ನಡುವಿನ ತಂತಿ ಬಿಚ್ಚಿ ಒಂದು ಕಂಬ ಕಿತ್ತರು. ನಾನು ಗುರುತು ಹಾಕಿದ ಕಡೆ ಗುಂಡಿ ತೋಡಿದರು. ಕಂಬದ ಒಳಮೈಯಿಂದ ಒಳಮೈಗೆ ಏಳಡಿ. ಗಾರೆಯವನು "ಒಂದಂಗುಲ ಆಚೀಚೆ ಆದ್ರೆ ಏನಾಗ್ತದೆ ಬುಡಿ ಮೇಡಂ" ಎಂದಾಗ ನಾವಿಬ್ಬರೂ ಒಟ್ಟಿಗೆ ಬೇಡವೆಂದೆವು. ಮರುಳಪ್ಪನವರು ನಕ್ಷೆಯಲ್ಲಿ ಅಗಲವನ್ನೂ ಬರೆಸಿದರು. ಇಂಥ ದೊಡ್ಡ ಗಾಡಿ ಹಿಡಿಸದು ಎಂದು ಆ್ಯಪ್‌ಗಳಿಗೂ ತಿಳಿಯುವ ಹಾಗೆ.

ಮಂಗಳವಾರ ಬೆಳಿಗ್ಗೆ ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಗಾರೆ ಒಣಗದೆ ಕಂಬ ವಾಲಿದ್ದರೆ ಎಂದು ಆರೂವರೆಗೇ ಹೋಗಿ ನಿಂತಿದ್ದೆ. ಕಂಬ ನೆಟ್ಟಗಿತ್ತು. ಮರುಳಪ್ಪನವರೂ ಟವಲು ಹೊದ್ದು ಬಂದು ನಿಂತಿದ್ದರು. ನಾನು ಬರುವ ಮೊದಲೇ ಹಟ್ಟಿಗೆ ಹೋಗಿದ್ದ ಆಟೋ ಏಳಕ್ಕೆ ಮರಳಿ ಬಂತು. ಬಾಷಾ ಬೇಕೆಂದೇ ನಿಧಾನಿಸಿ, ಎರಡೂ ಕಂಬಗಳನ್ನು ಬಗ್ಗಿ ನೋಡಿ, ಹಡಗು ನಡೆಸುವವರ ಹಾಗೆ ದಾಟಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಚಿತ್ತಯ್ಯ, ಪಕ್ಕದಲ್ಲಿ ಕರಿಯಮ್ಮ.



"ಏನ್ಲಾ ಚಿತ್ತ, ಮಂದೆ ಯಾವಾಗ ಹೊಡ್ಕಂಡು ಬತ್ತೀಯ?" ಎಂದರು ಮರುಳಪ್ಪನವರು.

"ಸಂಕ್ರಾಂತಿ ಕಳೀಲಿ ಯಜಮಾನ್ರೆ. ನನ್ನ ಮಗ ಹೊಡ್ಕಂಡು ಬತ್ತಾನೆ."

ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರನ್ನು ಅಳೆದು ಕುಡಿಯಬೇಕು; ಎಳನೀರನ್ನಂತೂ ಮುಟ್ಟುವಂತಿಲ್ಲ, ಅದರೊಳಗಿನ ಪೊಟ್ಯಾಶಿಯಂ ಅವರ ಎದೆಗೆ ವಿಷ. ತೋಟಕ್ಕೆ ಬಂದವರಿಗೆ ಎಳನೀರು ಕೆತ್ತಿಕೊಡದೆ ಕಳಿಸುವುದು ನಮ್ಮ ಕಡೆ ಮುಖ ತಿರುಗಿಸಿದ ಹಾಗೆ. ಮರುಳಪ್ಪನವರು ಒಂದು ಕ್ಷಣ ಮೇಲೆ ಗೊನೆಗಳ ಕಡೆ ನೋಡಿದರು. ಆಮೇಲೆ ಆಟೋದ ಕಂಬಿ ಹಿಡಿದುಕೊಂಡು ಹೇಳಿದರು:

"ಎಳ್ನೀರು ಕೊಡಂಗಂತೂ ಇಲ್ಲ ನಿಂಗೆ. ದಾರಿನಾದ್ರೂ ಕೊಡ್ತೀನಿ. ಹೋಗ್ಲಾ, ಹೊತ್ತಾಯ್ತದೆ."

ಚಿತ್ತಯ್ಯ ಎರಡೂ ಕೈ ಎತ್ತಿ ಮುಗಿದರು. ಆಟೋ ಮುಂದೆ ಹೋಯಿತು.

ಚಿತ್ತಯ್ಯ ಈಗಲೂ ವಾರಕ್ಕೆರಡು ಸಲ ಆ ದಾರಿಯಲ್ಲಿ ಹೋಗಿಬರುತ್ತಾರೆ. ಮರುಳಪ್ಪನವರು ನಕ್ಷೆಯ ಹುಚ್ಚು ಹತ್ತಿಸಿಕೊಂಡು, ಅಕ್ಕಪಕ್ಕದ ತೋಟಗಳ ಬಾವಿ, ತೊಟ್ಟಿ, ಬಿಟ್ಟ ದಾರಿ, ಬಿಡದ ದಾರಿ ಎಲ್ಲವನ್ನೂ ಸೇರಿಸುತ್ತಿದ್ದಾರೆ. ಯಾರೋ ತಮ್ಮ ಬಾವಿಯನ್ನು ಹತ್ತಡಿ ಪಕ್ಕಕ್ಕೆ ಇಟ್ಟಿದ್ದಾರೆಂದು ಒಮ್ಮೆ ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈದರು. ಇಟ್ಟವಳು ನಾನೇ ಎಂದು ಹೇಳಿದೆ. ಹೇಳದಿದ್ದರೂ ಅಲ್ಲಿ ಹೆಸರಿತ್ತು. ನಾನು ಹೆದರಿದ್ದ ನೋಟಿಸು ಈವರೆಗೆ ಬಂದಿಲ್ಲ. ಬರುವ ಸಾಧ್ಯತೆ ಇಲ್ಲವೆಂದು ನನ್ನ ಯಜಮಾನರ ಅಭಿಪ್ರಾಯ; ನಾನು ಇನ್ನೂ ಒಪ್ಪಿಲ್ಲ.

ಈ ಪ್ರಕರಣ ನನ್ನ ಕೆಲಸದಲ್ಲಿ ಬದಲಿಸಿದ್ದು ಒಂದು ಅಭ್ಯಾಸವನ್ನು. ಮೊದಲೆಲ್ಲ ಜಮೀನಿಗೆ ಕಾಲಿಟ್ಟ ಕೂಡಲೆ, ಇದು ಯಾರದ್ದು ಎಂದು ಕೇಳಿ, ಉತ್ತರವನ್ನು ಪಹಣಿಗೆ ತಾಳೆ ನೋಡಿ ಟೇಪು ಬಿಚ್ಚುತ್ತಿದ್ದೆ. ಈಗ ಇನ್ನೊಂದನ್ನು ಕೇಳುತ್ತೇನೆ: ಇಲ್ಲಿ ದಾರಿ ಯಾರು ಯಾರಿಗೆ ಬಿಟ್ಟಿದ್ದಾರೆ? ಇದಕ್ಕೆ ಯಾವ ದಾಖಲೆಯಲ್ಲೂ ಉತ್ತರವಿಲ್ಲದಿರುವುದರಿಂದ ಜನ ತಮ್ಮ ಅಜ್ಜನ ಕಾಲದಿಂದ ಹೇಳತೊಡಗುತ್ತಾರೆ. ಬಿಸಿಲು ನೆತ್ತಿಗೆ ಬರುತ್ತದೆ, ದಿನಕ್ಕೆ ಎರಡು ಅಳತೆ ಆಗುತ್ತಿದ್ದದ್ದು ಒಂದಾಗುತ್ತದೆ. ಕೆಲಸ ಉಳಿದುಹೋಗುತ್ತಿದೆಯಲ್ಲ ಎಂದು ಚಿಂತೆಯಾಗುತ್ತದೆ. ಆದರೂ ಅವರು ಹೇಳಿ ಮುಗಿಸುವವರೆಗೆ ಟೇಪನ್ನು ಬಿಚ್ಚುವುದಿಲ್ಲ.